ಅಕ್ರೊಪಾಂಗಿಗೆ ಬಂದ ಇಪ್ಪತ್ತನಾಲ್ಕು ಮಂದಿ

ಪರವೂರಿಗೆ ಹೋಗಿ ಅಲ್ಲಿನ ಮಕ್ಕಳಿಗೆ ಪಾಠ ಹೇಳುವುದು ಒಂದು ಸೇವೆ. ಆ ಊರಿನವರನ್ನೇ ಉಪಾಧ್ಯಾಯರನ್ನಾಗಿ ತರಬೇತುಗೊಳಿಸುವುದು ಅದಕ್ಕಿಂತಲೂ ಕಠಿಣವಾದ ಸೇವೆ. ಮೊದಲನೆಯ ಕೆಲಸ ಮಾಡುವವನು ತಾನು ಇರುವಷ್ಟು ಕಾಲ ಕಲಿಸಿದರೆ ಸಾಕು. ಎರಡನೆಯ ಕೆಲಸ ಮಾಡುವವನಾದರೋ ತಾನು ಇಲ್ಲದಿರುವ ಕಾಲಕ್ಕಾಗಿ ಕಲಿಸಬೇಕು. ತನ್ನ ಸ್ಥಾನದಲ್ಲಿ ಇನ್ನೊಬ್ಬನು ನಿಂತು, ತನಗಿಂತ ಚೆನ್ನಾಗಿ ಕಲಿಸುವುದನ್ನು ನೋಡಿ ಸಂತೋಷಪಡುವ ಮನಸ್ಸು ಅವನಿಗೆ ಬೇಕು. ಇಂತಹ ಒಂದು ಕಾರ್ಯ ಪಶ್ಚಿಮ ಆಫ್ರಿಕಾದ ಬೆಟ್ಟದ ಊರೊಂದರಲ್ಲಿ ಹೇಗೆ ಆರಂಭವಾಯಿತು, ಎಷ್ಟು ಎಡವಿತು, ಕೊನೆಗೆ ಹೇಗೆ ಫಲಕೊಟ್ಟಿತು ಎಂಬುದನ್ನು ಈ ಲೇಖನದಲ್ಲಿ ನೆನೆಯೋಣ.

ಆ ಊರಿನ ಹೆಸರು ಅಕ್ರೊಪಾಂಗ್. ಇಂದಿನ ಘಾನಾ ದೇಶದ ರಾಜಧಾನಿ ಅಕ್ರಾದ ಉತ್ತರಕ್ಕೆ, ಅಕುವಾಪೆಮ್ ಎಂಬ ಬೆಟ್ಟಸಾಲಿನ ಮೇಲೆ ಅದು ಇದೆ. ಆ ಕಾಲದಲ್ಲಿ ಅದು ಅಕುವಾಪೆಮ್ ಅರಸರ ಪಟ್ಟಣ. ಸುತ್ತಲೂ ಕಾಡು, ಎಣ್ಣೆತಾಳೆಯ ತೋಟಗಳು, ಗೆಡ್ಡೆಗೆಣಸಿನ ಹೊಲಗಳು. ಜನರ ಮಾತು ಟ್ವಿ ಭಾಷೆ. ಆ ಭಾಷೆಯಲ್ಲಿ ಓದುವುದಕ್ಕೆ ಪುಸ್ತಕವೆಂಬುದು ಇನ್ನೂ ಇರಲಿಲ್ಲ.

ಸಮಾಧಿಗಳಿಂದ ಆರಂಭವಾದ ಕಥೆ

ನಮ್ಮ ಸಭೆಗಳ ಹಿರಿಯರಿಗೆ ಬಾಸೆಲ್ ಮಿಷನ್ ಎಂಬ ಹೆಸರು ಮನೆಯ ಹೆಸರಿನಷ್ಟೇ ಪರಿಚಿತ. 1815ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಸಂಸ್ಥೆಯಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರೆಂಬುದನ್ನು ನಾವು ಬಲ್ಲೆವು. ಆದರೆ ಅದಕ್ಕೆ ಸುಮಾರು ಆರು ವರ್ಷ ಮೊದಲೇ, 1828ರ ಡಿಸೆಂಬರ್ ತಿಂಗಳಿನಲ್ಲಿ, ಅದೇ ಮಿಷನ್ನಿನ ನಾಲ್ವರು ತರುಣರು ಆಗ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ನಾಡಿನ ಕಡಲತೀರದಲ್ಲಿ, ಡೇನಿಷರ ಕ್ರಿಸ್ಟಿಯನ್ಸ್‌ಬೋರ್ಗ್ ಕೋಟೆಯ ಬಳಿ ಇಳಿದಿದ್ದರು. ಒಂದು ವರ್ಷ ತುಂಬುವುದರೊಳಗೆ ಅವರಲ್ಲಿ ಮೂವರು ಜ್ವರಕ್ಕೆ ಬಲಿಯಾದರು. ನಾಲ್ಕನೆಯವರು 1831ರಲ್ಲಿ ತೀರಿಕೊಂಡರು.

1832ರಲ್ಲಿ ಮತ್ತೆ ಮೂವರು ಬಂದರು. ಅವರಲ್ಲೊಬ್ಬರು ವೈದ್ಯರು. ಬಂದ ಕೆಲವೇ ವಾರಗಳಲ್ಲಿ ಆ ವೈದ್ಯರೇ ಮೊದಲು ಅಗಲಿದರು. ಉಳಿದುಕೊಂಡವರು ಆಂಡ್ರೆಯಾಸ್ ರೀಸ್ ಒಬ್ಬರೇ. ಮರಣದ ಬಾಗಿಲಿಗೆ ಹೋಗಿದ್ದ ಅವರನ್ನು ಆ ನಾಡಿನ ಔಷಧ ಬಲ್ಲವರೊಬ್ಬರು ಉಪಚರಿಸಿ ಬದುಕಿಸಿದರೆಂದು ಹೇಳುತ್ತಾರೆ. ಕಲಿಸಲೆಂದು ಬಂದವರ ಪ್ರಾಣ ಉಳಿದದ್ದು ಕಲಿಯಬೇಕಾದವರೆಂದು ಎಣಿಸಲ್ಪಟ್ಟವರ ವಿದ್ಯೆಯಿಂದ! ಈ ಸಂಗತಿಯನ್ನು ಮರೆಯದಿರುವುದು ಒಳ್ಳೆಯದು.

1835ರಲ್ಲಿ ರೀಸ್ ಕಡಲತೀರವನ್ನು ಬಿಟ್ಟು ಬೆಟ್ಟವನ್ನೇರಿ ಅಕ್ರೊಪಾಂಗಿನಲ್ಲಿ ನೆಲೆಸಿದರು. ಅರಸ ಅಡ್ಡೊ ಡಂಕ್ವಾ ಅವರನ್ನು ಆದರದಿಂದ ಬರಮಾಡಿಕೊಂಡನು. ರೀಸ್ ತಮ್ಮ ಕೈಯಿಂದಲೇ ಗಟ್ಟಿಯಾದ ಮನೆಯೊಂದನ್ನು ಕಟ್ಟಿದಾಗ ಜನರು ಅವರಿಗೆ ‘ಮನೆ ಕಟ್ಟುವವನು’ ಎಂದೇ ಹೆಸರಿಟ್ಟರು. ಸಹಾಯಕ್ಕೆಂದು ಬಂದ ಇನ್ನಿಬ್ಬರೂ ಹೆಚ್ಚುಕಾಲ ಬದುಕಲಿಲ್ಲ. ಹನ್ನೆರಡು ವರ್ಷಗಳಲ್ಲಿ ಹೋದವರು ಒಂಬತ್ತು ಮಂದಿ, ಸತ್ತವರು ಎಂಟು ಮಂದಿ. ಕ್ರೈಸ್ತ ವಿಶ್ವಾಸವನ್ನು ಸ್ವೀಕರಿಸಿದವರು ಒಬ್ಬರೂ ಇಲ್ಲ. 1840ರಲ್ಲಿ ರೀಸ್ ಊರಿಗೆ ಮರಳಿದಾಗ ಬಾಸೆಲಿನ ಹಿರಿಯರು ಆ ಕ್ಷೇತ್ರವನ್ನೇ ಮುಚ್ಚಿಬಿಡುವ ಯೋಚನೆಯಲ್ಲಿದ್ದರು.

ಆಗ ಒಂದು ಮಾತು ಅವರ ನಿರ್ಧಾರವನ್ನು ಬದಲಿಸಿತು. ಅರಸ ಅಡ್ಡೊ ಡಂಕ್ವಾ ರೀಸ್ ಅವರನ್ನು ಬೀಳ್ಕೊಡುವಾಗ ಹೇಳಿದ ಮಾತೆಂದು ಅದನ್ನು ಘಾನಾದ ಸಭೆಯಲ್ಲಿ ಇಂದಿಗೂ ನೆನೆಯುತ್ತಾರೆ. ಅದರ ತಾತ್ಪರ್ಯ ಇಷ್ಟು: ಪುಸ್ತಕವು ಬಿಳಿಯರಿಗೆಂದೇ ಕೊಡಲ್ಪಟ್ಟದ್ದೆಂದು ನಾವು ಭಾವಿಸಿದ್ದೇವೆ, ನಮ್ಮಂತೆಯೇ ಕಪ್ಪು ಬಣ್ಣದವರು ಆ ಪುಸ್ತಕವನ್ನು ಓದುವುದನ್ನು ತೋರಿಸಿದರೆ ನಾವೂ ನಿಮ್ಮನ್ನು ಹಿಂಬಾಲಿಸುವೆವು. ಅರಸನ ಮಾತು ನೇರವಾಗಿತ್ತು. ಬೋಧಕರ ಪ್ರಾಮಾಣಿಕತೆಯನ್ನು ಅವನು ಸಂಶಯಿಸಲಿಲ್ಲ. ಈ ವಿದ್ಯೆ ನಮ್ಮದಾಗಬಲ್ಲುದೇ ಎಂದು ಮಾತ್ರ ಕೇಳಿದನು. ಕಲಿಯುವ ಪ್ರತಿಯೊಂದು ಸಮುದಾಯವೂ ಬಾಯಿಬಿಟ್ಟೋ ಬಿಡದೆಯೋ ಕೇಳುವ ಪ್ರಶ್ನೆ ಅದೇ ಅಲ್ಲವೇ?

ಜಮೈಕಾದಿಂದ ಬಂದ ಹಡಗು

ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತಾ ರೀಸ್ ಅಟ್ಲಾಂಟಿಕ್ ಸಾಗರದ ಆಚೆಯ ಜಮೈಕಾ ದ್ವೀಪಕ್ಕೆ ಹೋದರು. ಅವರೊಂದಿಗೆ ವಿಡ್ಮನ್ ಎಂಬ ತರುಣ ಮಿಷನರಿಯೂ, ಲೈಬೀರಿಯದಲ್ಲಿ ಹುಟ್ಟಿ ಬಾಸೆಲಿನಲ್ಲಿ ಶಿಕ್ಷಣ ಪಡೆದ ಜಾರ್ಜ್ ಥಾಂಪ್ಸನ್ ಎಂಬ ಆಫ್ರಿಕದ ತರುಣನೂ ಇದ್ದರು. ಬ್ರಿಟಿಷರ ವಸಾಹತುಗಳಲ್ಲಿ ಗುಲಾಮಗಿರಿ 1834ರಲ್ಲಿ ರದ್ದಾಗಿ, 1838ರಲ್ಲಿ ಜೀತಸಮಾನವಾದ ಕೊನೆಯ ಕಟ್ಟುಪಾಡುಗಳೂ ಕಳಚಿದ್ದವು. ಜಮೈಕಾದ ಮೊರೇವಿಯನ್ ಸಭೆಗಳಲ್ಲಿ ಹೊಸದಾಗಿ ಬಿಡುಗಡೆ ಹೊಂದಿದವರು ತಮ್ಮದೇ ಮನೆ, ತಮ್ಮದೇ ತುಂಡು ಭೂಮಿ ಎಂದು ಬದುಕನ್ನು ಕಟ್ಟಿಕೊಳ್ಳತೊಡಗಿದ್ದ ಕಾಲವದು.

ಅಂಥವರ ಮುಂದೆ ನಿಂತು, ನಿಮ್ಮ ಪೂರ್ವಿಕರನ್ನು ಸಂಕೋಲೆ ಹಾಕಿ ಒಯ್ದ ಅದೇ ಕಡಲತೀರಕ್ಕೆ ಈಗ ಸ್ವಇಚ್ಛೆಯಿಂದ ಬರುವಿರಾ ಎಂದು ಕೇಳುವುದು ಸುಲಭವಾದ ಮಾತಲ್ಲ. ಮತ್ತೆ ಗುಲಾಮರಾಗಿಬಿಟ್ಟರೆ? ಜ್ವರ ಬಂದು ಸತ್ತರೆ? ಹೊರಡಲು ಒಪ್ಪಿದವರೊಡನೆ ಮಿಷನ್ ಒಂದು ಒಪ್ಪಂದ ಮಾಡಿಕೊಂಡಿತು. ವಾಸಕ್ಕೆ ಮನೆ, ಬೇಸಾಯಕ್ಕೆ ಭೂಮಿ ಒದಗಿಸಲಾಗುವುದು. ಐದು ವರ್ಷಗಳ ಬಳಿಕ ಹಿಂದಿರುಗಲು ಬಯಸಿದವರನ್ನು, ಅವರ ನಡತೆ ನಿರ್ದೋಷವಾಗಿದ್ದಲ್ಲಿ, ಮಿಷನ್ನಿನ ಖರ್ಚಿನಲ್ಲೇ ಕಳುಹಿಸಿಕೊಡಲಾಗುವುದು. ಹೀಗೆ ಸಿದ್ಧರಾದವರು ಮಕ್ಕಳೂ ಸೇರಿ ಇಪ್ಪತ್ತನಾಲ್ಕು ಮಂದಿ. ಹೆಚ್ಚಿನವರು ಜಮೈಕಾದವರು, ಆಂಟಿಗುವಾ ದ್ವೀಪದವರೂ ಇದ್ದರು. ಕುಟುಂಬಗಳೂ ಅವಿವಾಹಿತ ತರುಣರೂ ಆ ಗುಂಪಿನಲ್ಲಿದ್ದರು. ಫೇರ್‌ಫೀಲ್ಡಿನ ಮೊರೇವಿಯನ್ ಶಿಕ್ಷಕರ ಸೆಮಿನರಿಯಲ್ಲಿ ಕಲಿತಿದ್ದ, ಇಪ್ಪತ್ತಮೂರರ ಆಸುಪಾಸಿನ ಅಲೆಕ್ಸಾಂಡರ್ ವರ್ದಿ ಕ್ಲಾರ್ಕ್ ಅವರಲ್ಲೊಬ್ಬರು.

1843ರ ಫೆಬ್ರವರಿಯಲ್ಲಿ ಹೊರಟ ಹಡಗು ಎರಡು ತಿಂಗಳಿಗೂ ಮಿಕ್ಕ ಪಯಣದ ನಂತರ ಏಪ್ರಿಲ್ ತಿಂಗಳಲ್ಲಿ, ಪುನರುತ್ಥಾನದ ಹಬ್ಬದ ಹೊತ್ತಿಗೆ, ಕ್ರಿಸ್ಟಿಯನ್ಸ್‌ಬೋರ್ಗಿನ ಎದುರು ಲಂಗರು ಹಾಕಿತು. ಗುಲಾಮರನ್ನು ಹೊತ್ತ ಎಷ್ಟೋ ಹಡಗುಗಳನ್ನು ಕಂಡಿದ್ದ ಆ ಕೋಟೆಯ ಮುಂದೆ, ಸ್ವತಂತ್ರರಾದ ಕಪ್ಪು ಜನರು ಪುಸ್ತಕ, ಉಪಕರಣ ಮತ್ತು ಬೀಜಗಳನ್ನು ಹೊತ್ತುಕೊಂಡು ಇಳಿದರು. ಕೆಲವು ವಾರಗಳ ನಂತರ ಅವರು ಅಕ್ರೊಪಾಂಗಿನ ದಾರಿ ಹಿಡಿದರು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ವನ್ನು ಹೊರತಂದರೆಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಅಳಿದ ತವರಿನ ನೆನಪು

ಈ ಗುಂಪಿನಲ್ಲಿ ಹದಿಹರೆಯ ದಾಟುತ್ತಿದ್ದ ಒಬ್ಬ ಯುವತಿಯಿದ್ದಳು. ಹೆಸರು ಕ್ಯಾಥರೀನ್ ಮಲ್ಗ್ರೇವ್. ಅದು ಅವಳು ಹುಟ್ಟಿದಾಗ ಇಟ್ಟ ಹೆಸರಲ್ಲ. ಅಂಗೋಲಾದ ಕಡಲತೀರದಲ್ಲಿ ಹುಟ್ಟಿದ ಅವಳನ್ನು ಬಾಲ್ಯದಲ್ಲಿಯೇ ಗುಲಾಮರ ವ್ಯಾಪಾರಿಗಳು ಅಪಹರಿಸಿ ಹಡಗಿಗೆ ಏರಿಸಿದ್ದರು. 1833ರಲ್ಲಿ ಆ ಹಡಗು ಜಮೈಕಾದ ತೀರದಲ್ಲಿ ಒಡೆದುಹೋಯಿತು. ಬದುಕಿ ಉಳಿದ ಮಗುವನ್ನು ಅಲ್ಲಿನ ಗವರ್ನರರಾಗಿದ್ದ ಮಲ್ಗ್ರೇವ್ ಪ್ರಭು ಮತ್ತು ಅವರ ಪತ್ನಿ ತಮ್ಮ ಆಶ್ರಯದಲ್ಲಿಟ್ಟುಕೊಂಡು ಸಾಕಿದರು. ಆಕೆ ಕಿಂಗ್‌ಸ್ಟನ್ನಿನ ಮೈಕೊ ಸಂಸ್ಥೆಯಲ್ಲಿ ಶಿಕ್ಷಕಿಯಾಗಲು ತರಬೇತಿ ಪಡೆದರು. ಜಾರ್ಜ್ ಥಾಂಪ್ಸನ್‌ರನ್ನು ಮದುವೆಯಾಗಿ ಮತ್ತೆ ಆಫ್ರಿಕಕ್ಕೆ ಬಂದರು.

ತವರು ಕಳೆದುಕೊಂಡ ಮಗು ಶಿಕ್ಷಕಿಯಾಗಿ ಅದೇ ಖಂಡಕ್ಕೆ ಮರಳಿದ್ದು ಸಾಮಾನ್ಯ ಸಂಗತಿಯಲ್ಲ. ಆದರೆ ಅವರ ಪಾಲಿಗೆ ಬಂದ ಬದುಕು ಸುಲಭವಾಗಿರಲಿಲ್ಲ. ಕ್ರಿಸ್ಟಿಯನ್ಸ್‌ಬೋರ್ಗಿನಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ಅವರು ನಡೆಸತೊಡಗಿದರು. ದಾಂಪತ್ಯ ಮುರಿದುಬಿದ್ದು, 1849ರಲ್ಲಿ ವಿಚ್ಛೇದನವಾಯಿತು. ಇಬ್ಬರು ಮಕ್ಕಳ ತಾಯಿಯಾಗಿ ಒಂಟಿಯಾಗಿ ಉಳಿದರೂ ಅವರು ಶಾಲೆಯನ್ನು ಬಿಡಲಿಲ್ಲ. 1851ರಲ್ಲಿ ಯೋಹಾನ್ನೆಸ್ ಝಿಮ್ಮರ್‌ಮನ್ ಎಂಬ ಮಿಷನರಿ ಆಕೆಯನ್ನು ವಿವಾಹವಾದಾಗ ಬಾಸೆಲಿನ ಆಡಳಿತಕ್ಕೆ ಅದು ಹಿಡಿಸಲಿಲ್ಲ. ಆದರೂ ಇಬ್ಬರೂ ಕೂಡಿ ದುಡಿದರು. ಝಿಮ್ಮರ್‌ಮನ್ ಗಾ ಎಂಬ ಸ್ಥಳೀಯ ಭಾಷೆಗೆ ವ್ಯಾಕರಣವನ್ನು ಬರೆದು, ಸತ್ಯವೇದವನ್ನು ಆ ಭಾಷೆಗೆ ತಂದರು. ಕ್ಯಾಥರೀನ್ 1891ರಲ್ಲಿ ತಮ್ಮ ಕಾರ್ಯಕ್ಷೇತ್ರದಲ್ಲಿಯೇ ನಿಧನರಾದರು. ಅವರ ಕೈಯಲ್ಲಿ ಅಕ್ಷರ ಕಲಿತ ಹೆಣ್ಣುಮಕ್ಕಳು ತಾಯಂದಿರಾಗಿ, ಶಿಕ್ಷಕಿಯರಾಗಿ ಬೆಳೆದರು.

ಬಂದ ಮೇಲಿನ ಸಂಕಟಗಳು

ಇಪ್ಪತ್ತನಾಲ್ವರ ಆಗಮನವನ್ನು ಇಂದು ಹಬ್ಬದಂತೆ ನೆನೆಯುತ್ತೇವೆ. ಆದರೆ ಅವರ ಮೊದಲ ವರ್ಷಗಳು ಹಬ್ಬದ ದಿನಗಳಾಗಿರಲಿಲ್ಲ. ಕಪ್ಪು ಬಣ್ಣದವರು ಕಪ್ಪು ಬಣ್ಣದವರ ನಾಡಿಗೆ ಬಂದರೆ ತಾವಾಗಿಯೇ ಹೊಂದಿಕೊಳ್ಳುವರೆಂದು ಬಾಸೆಲಿನಲ್ಲಿ ಕುಳಿತವರು ಭಾವಿಸಿದ್ದರು. ವಾಸ್ತವದಲ್ಲಿ ಬಂದವರ ಮಾತು ಇಂಗ್ಲಿಷ್, ಉಡುಪು ಬೇರೆ, ಊಟ ಬೇರೆ. ಮಿಷನರಿಗಳ ಮನೆಮಾತು ಜರ್ಮನ್. ಊರಿನವರ ಮಾತು ಟ್ವಿ. ಒಂದೇ ಅಂಗಳದಲ್ಲಿ ಮೂರು ಭಾಷೆಗಳು! ಮೇಲಾಗಿ, ತಾವು ಯಾವ ಬಂಧನದಿಂದ ಬಿಡುಗಡೆ ಹೊಂದಿದ್ದರೋ ಆ ಗುಲಾಮಗಿರಿ ಈ ನಾಡಿನ ಮನೆಮನೆಗಳಲ್ಲಿ ಇನ್ನೂ ಇತ್ತು. ಗೋಲ್ಡ್ ಕೋಸ್ಟಿನಲ್ಲಿ ಅದಕ್ಕೆ ಕಾನೂನಿನ ತಡೆ ಬಂದದ್ದು 1874ರಲ್ಲಿ.

ಅವರು ಮೊದಲು ಮಾಡಿದ ಕೆಲಸವೆಂದರೆ ಕಲ್ಲಿನ ಮನೆಗಳನ್ನು ಕಟ್ಟಿಕೊಂಡದ್ದು, ನೆಲವನ್ನು ಹಸನುಮಾಡಿದ್ದು. ತಾವು ತಂದ ಮಾವು, ಬೆಣ್ಣೆಹಣ್ಣು, ಕೆಸುವಿನ ಜಾತಿಯ ಗೆಡ್ಡೆ ಮುಂತಾದವುಗಳನ್ನು ನೆಟ್ಟರು. ಆ ಗೆಡ್ಡೆ ಇಂದು ಘಾನಾದ ಬಡವರ ಮನೆಯ ದಿನನಿತ್ಯದ ಆಹಾರ. ಶಾಲೆಯೂ ಆರಂಭವಾಯಿತು. ಆದರೆ ಮನಸ್ಸುಗಳು ಕೂಡಿಬರಲಿಲ್ಲ. ರೀಸ್ ಕಷ್ಟಸಹಿಷ್ಣು; ಆದರೆ ಸ್ವಭಾವದಲ್ಲಿ ಒರಟು. ಬಂದವರನ್ನು ಜೊತೆಗೆಲಸಗಾರರಂತೆ ಕಾಣದೆ ಕೈಕೆಳಗಿನ ಆಳುಗಳಂತೆ ನಡೆಸಿಕೊಂಡರೆಂಬ ದೂರು ಬಲವಾಯಿತು. ಸ್ವಾತಂತ್ರ್ಯದ ರುಚಿ ಕಂಡವರು ಅದನ್ನು ಸಹಿಸುವುದು ಹೇಗೆ? ಇತರ ಆರೋಪಗಳೂ ಸೇರಿ, 1845ರಲ್ಲಿ ಮಿಷನ್ ರೀಸ್ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು. ಅಕ್ರೊಪಾಂಗಿನ ಭಾರ ವಿಡ್ಮನ್ ಅವರ ಮೇಲೆ ಬಿದ್ದಿತು. ಅವರು ತಾಳ್ಮೆಯಿಂದ ಟ್ವಿ ಭಾಷೆಯನ್ನು ಕಲಿತರು.

ಐದು ವರ್ಷಗಳ ಗಡುವು ಮುಗಿಯುವ ಹೊತ್ತಿಗೆ ಒಪ್ಪಂದದ ಮಾತು ಎಲ್ಲರ ಎದುರು ಬಂದಿತು. ಹೋಗಬೇಕೋ, ಉಳಿಯಬೇಕೋ? ಕೆಲವರು ಅದಕ್ಕೂ ಮೊದಲೇ ಹೋಗಿದ್ದರು. ಇನ್ನು ಕೆಲವರು ಆಮೇಲೆ ಹೊರಟರು. ಅವರನ್ನು ಹಳಿಯುವ ಹಕ್ಕು ನಮಗಿಲ್ಲ. ಮಾತುಕೊಟ್ಟಷ್ಟು ಕಾಲ ಅವರು ದುಡಿದಿದ್ದರು. ಮಿಲ್ಲರ್, ಹಾಲ್ ಕುಟುಂಬಗಳು ಉಳಿದವು. ಕ್ಲಾರ್ಕ್ 1848ರಲ್ಲಿ ಪೌಲಿನ್ ಹೆಸ್ಸೆ ಎಂಬ ಸ್ಥಳೀಯ ಯುವತಿಯನ್ನು ಮದುವೆಯಾಗಿ ಆ ನಾಡಿನವರೇ ಆಗಿಬಿಟ್ಟರು. ಅಬುರಿ ಎಂಬ ಊರಿನಲ್ಲಿ 1906ರಲ್ಲಿ ತೀರಿಕೊಳ್ಳುವ ತನಕ ಅವರು ಜಮೈಕಾಕ್ಕೆ ಮರಳಿ ನೆಲೆಸಲಿಲ್ಲ. ಚಿಕ್ಕ ಮಗುವಾಗಿ ಹಡಗಿನಲ್ಲಿ ಬಂದಿದ್ದ ಮಿಲ್ಲರ್ ಮನೆತನದ ಮಗಳು ರೋಸ್ ಆ್ಯನ್ ಅದೇ ಅಬುರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿಯಾಗಿ ದುಡಿದರು.

ಐವರು ವಿದ್ಯಾರ್ಥಿಗಳ ಸೆಮಿನರಿ

1848ರ ಜುಲೈ 3ರಂದು ಅಕ್ರೊಪಾಂಗಿನಲ್ಲಿ ಒಂದು ಚಿಕ್ಕ ಸೆಮಿನರಿ ಆರಂಭವಾಯಿತು. ಡೀಟರ್ಲೆ ಎಂಬ ಮಿಷನರಿ ಅದರ ಮುಖ್ಯಸ್ಥರು. ವಿದ್ಯಾರ್ಥಿಗಳು ಐದೇ ಮಂದಿ. ಅವರಲ್ಲೊಬ್ಬ ಜಮೈಕಾದಿಂದ ಬಂದ ರಾಚೆಸ್ಟರ್ ಕುಟುಂಬದ ಹುಡುಗ. ಇನ್ನೊಬ್ಬ ಅಕ್ರೊಪಾಂಗಿನ ಡೇವಿಡ್ ಅಸಾಂತೆ. ಹಳ್ಳಿಯ ಶಾಲೆಗೆ ಉಪಾಧ್ಯಾಯನೂ ಸಭೆಗೆ ಉಪದೇಶಿಯೂ ಆಗಿ ಒಬ್ಬನೇ ನಿಲ್ಲುವಂತೆ ತರಬೇತಿ ಕೊಡುವುದು ಅದರ ಉದ್ದೇಶ. ವೇದಪಾಠ, ಓದು, ಬರಹ, ಲೆಕ್ಕ, ಸಂಗೀತದ ಜೊತೆಗೆ ಕೈಕಸುಬು ಮತ್ತು ಬೇಸಾಯವೂ ಕಲಿಕೆಯ ಭಾಗವಾಗಿತ್ತು. ಓದಿದವನು ಮಣ್ಣು ಮುಟ್ಟಬಾರದೆಂಬ ಭ್ರಮೆ ತಲೆಗೆ ಹತ್ತಬಾರದೆಂಬ ಎಚ್ಚರ ಅಲ್ಲಿತ್ತು.

ಆರಂಭದಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳಿದ್ದ ಮಿಷನ್, ಹಳ್ಳಿಯ ಮಗುವಿಗೆ ಅದರ ತಾಯಿಯ ಮಾತಿನಲ್ಲಿಯೇ ಕಲಿಸಬೇಕೆಂದು ಕ್ರಮೇಣ ನಿಶ್ಚಯಿಸಿತು. ಆದರೆ ಟ್ವಿ ಭಾಷೆಗೆ ಪಠ್ಯಪುಸ್ತಕಗಳೆಲ್ಲಿ? 1853ರಲ್ಲಿ ಕ್ರಿಸ್ಟಾಲರ್ ಎಂಬ ತರುಣರು ಈ ಸೆಮಿನರಿಗೆ ಶಿಕ್ಷಕರಾಗಿ ಬಂದರು. ತಮ್ಮ ಶಿಷ್ಯರ ಮುಂದೆಯೇ ವಿದ್ಯಾರ್ಥಿಯಾಗಿ ಕುಳಿತು ಅವರು ಭಾಷೆ ಕಲಿತರು. ಡೇವಿಡ್ ಅಸಾಂತೆಯಂಥವರ ನೆರವಿನಿಂದ 1871ರಲ್ಲಿ ಟ್ವಿ ಸತ್ಯವೇದ ಪೂರ್ಣಗೊಂಡಿತು. 1875ರಲ್ಲಿ ವ್ಯಾಕರಣ, 1879ರಲ್ಲಿ ಸುಮಾರು 3,600 ಗಾದೆಗಳ ಸಂಗ್ರಹ, 1881ರಲ್ಲಿ ನಿಘಂಟು ಪ್ರಕಟವಾದವು. ಅದೇ 1853ರಲ್ಲಿ ಅದೇ ಬಾಸೆಲಿನಿಂದ ನಮ್ಮ ನಾಡಿಗೆ ಬಂದವರು ಫರ್ಡಿನಾಂಡ್ ಕಿಟ್ಟೆಲ್. ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಒಂದೇ ಗುರುಮನೆಯ ಇಬ್ಬರು, ಎರಡು ಖಂಡಗಳಲ್ಲಿ, ಜನರ ಬಾಯಿಂದ ಮಾತುಗಳನ್ನು ಆಯ್ದು ಪುಸ್ತಕಕ್ಕೆ ಏರಿಸಿದರು. ಇಬ್ಬರ ಹಿಂದೆಯೂ ತಾಳ್ಮೆಯಿಂದ ಮಾತಿನ ಅರ್ಥ ಬಿಡಿಸಿಹೇಳಿದ ಊರಿನವರಿದ್ದರು. ಅವರಲ್ಲಿ ಹಲವರ ಹೆಸರು ಮುಖಪುಟದಲ್ಲಿ ಬರಲಿಲ್ಲ.

ಈ ಪ್ರಯತ್ನದಲ್ಲಿ ತಪ್ಪುಗಳೂ ಇದ್ದವು. ಕ್ರೈಸ್ತರಾದವರು ಊರಿನಿಂದ ಪ್ರತ್ಯೇಕವಾಗಿ ‘ಸೇಲಂ’ ಎಂಬ ಕೇರಿಯಲ್ಲಿ ಮಿಷನ್ನಿನ ಕಟ್ಟಳೆಗಳಿಗೆ ಒಳಪಟ್ಟು ವಾಸಿಸಬೇಕಾಗಿತ್ತು. ಅದರಿಂದ ಶಿಸ್ತು ಬಂದಿತು, ಶಾಲೆ ಬೆಳೆಯಿತು. ಆದರೆ ಅಣ್ಣತಮ್ಮಂದಿರ ನಡುವೆ, ತಾಯಿಮಕ್ಕಳ ನಡುವೆ ಗೋಡೆಯೂ ಎದ್ದಿತು. ನಾಡಿನ ಸಂಗೀತ, ಕುಣಿತ, ಹಬ್ಬಗಳಲ್ಲಿ ಒಳ್ಳೆಯದಾವುದು, ಬಿಡಬೇಕಾದದ್ದಾವುದು ಎಂದು ವಿವೇಚಿಸದೆ ಎಲ್ಲವನ್ನೂ ದೂರವಿಟ್ಟದ್ದರ ನೋವು ಇಂದಿನ ಘಾನಾದ ಸಭೆಯ ಚಿಂತಕರಲ್ಲಿಯೂ ಇದೆ. ಕಲಿಸಲು ಹೋಗುವವನು ತನ್ನ ಊರಿನ ಅಭ್ಯಾಸವನ್ನೇ ದೇವರ ಆಜ್ಞೆಯೆಂದು ತಿಳಿಯುವ ಅಪಾಯ ಯಾವ ಕಾಲಕ್ಕೂ ಇದ್ದದ್ದೇ.

ಗುರುಗಳು ಹೊರಟುಹೋದ ದಿನ

ತರಬೇತಿ ಕೊಟ್ಟವರು ಇರುವಾಗ ತರಬೇತಿಯ ಬೆಲೆ ತಿಳಿಯದು. ಅವರು ಹೋದ ಮೇಲೆ ತಿಳಿಯುತ್ತದೆ. ಅಕ್ರೊಪಾಂಗಿಗೆ ಆ ಪರೀಕ್ಷೆಯ ದಿನ ಬಂದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. 1917ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರಕಾರ ಬಾಸೆಲ್ ಮಿಷನರಿಗಳನ್ನು ಗೋಲ್ಡ್ ಕೋಸ್ಟಿನಿಂದ ಹೊರಕ್ಕೆ ಕಳುಹಿಸಿತು. ಎಂಬತ್ತೊಂಬತ್ತು ವರ್ಷಗಳ ಕಾರ್ಯ ಕೆಲವೇ ದಿನಗಳಲ್ಲಿ ಅನಾಥವಾದಂತೆ ತೋರಿತು. ಸ್ವಲ್ಪಕಾಲದಲ್ಲೇ ಸ್ಕಾಟ್ಲೆಂಡಿನ ಸಭೆಯವರು ನೆರವಿಗೆ ಬಂದರೂ ಅವರ ಸಂಖ್ಯೆ ಚಿಕ್ಕದು. ಹಳ್ಳಿ ಹಳ್ಳಿಯ ಶಾಲೆಯ ಬಾಗಿಲು ತೆರೆದವರು, ಗಂಟೆ ಬಾರಿಸಿದವರು, ಭಾನುವಾರದ ಆರಾಧನೆಯನ್ನು ನಡೆಸಿದವರು ಅಕ್ರೊಪಾಂಗಿನ ಸೆಮಿನರಿಯಿಂದ ಹೊರಬಂದ ಉಪಾಧ್ಯಾಯರು ಮತ್ತು ಉಪದೇಶಿಗಳು.

1918ರಲ್ಲಿ ಆ ಸಭೆಯ ಮೊದಲ ಸಿನೊಡ್ ಕೂಡಿದಾಗ ಮೊದಲ ಮಾಡರೇಟರ್ ಆಗಿ ಆರಿಸಲ್ಪಟ್ಟವರು ಪೀಟರ್ ಹಾಲ್. ಅವರು 1843ರ ಹಡಗಿನಲ್ಲಿ ಬಂದ ಜಾನ್ ಹಾಲ್ ಮತ್ತು ಮೇರಿ ಹಾಲ್ ದಂಪತಿಗಳ ಮಗ. ಸಿನೊಡಿನ ಮೊದಲ ಕಾರ್ಯದರ್ಶಿಯಾದವರು ನಿಕೊಲಾಸ್ ತಿಮೊಥಿ ಕ್ಲಾರ್ಕ್. ಅದೇ ಹಡಗಿನಲ್ಲಿ ಬಂದ ಅಲೆಕ್ಸಾಂಡರ್ ಕ್ಲಾರ್ಕ್ ಅವರ ಮಗ. ಬಾಲಕರಿಗಾಗಿ ಒಂದು ಪ್ರೌಢಶಾಲೆ ಬೇಕೆಂದು ಈ ಕ್ಲಾರ್ಕ್ ಅವರು ಪಟ್ಟುಹಿಡಿದದ್ದರ ಫಲವಾಗಿ 1938ರಲ್ಲಿ ಒಡುಮಾಸೆ ಎಂಬಲ್ಲಿ ಸಭೆಯ ಬಾಲಕರ ವಸತಿ ಪ್ರೌಢಶಾಲೆ ತೆರೆಯಿತು. ಐದು ವರ್ಷಕ್ಕೆಂದು ಬಂದವರ ಮಕ್ಕಳು ಎಪ್ಪತ್ತೈದು ವರ್ಷಗಳ ನಂತರ ಚುಕ್ಕಾಣಿ ಹಿಡಿದರು. ಅರಸ ಅಡ್ಡೊ ಡಂಕ್ವಾ ಕೇಳಿದ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ? ಪುಸ್ತಕ ಅವರದೇ ಆಗಿತ್ತು. ಶಾಲೆಯೂ ಅವರದೇ ಆಗಿತ್ತು.

ನಮ್ಮ ಕರಾವಳಿಯ ಸಭೆಗಳೂ ಅದೇ ಯುದ್ಧಕಾಲದಲ್ಲಿ ಇಂಥದೇ ಪರೀಕ್ಷೆಯನ್ನು ಎದುರಿಸಿದವು. ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ ದೇಶ ಬಿಡಬೇಕಾಗಿ ಬಂದಾಗ, ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದ ಉಪಾಧ್ಯಾಯರೂ ಉಪದೇಶಿಗಳೂ ಶಾಲೆ, ಸಭೆಗಳ ಭಾರವನ್ನು ಹೊತ್ತರು. ಅಕ್ರೊಪಾಂಗಿನವರು ಅವರನ್ನು ಕಂಡವರಲ್ಲ, ಅವರು ಅಕ್ರೊಪಾಂಗನ್ನು ಕಂಡವರಲ್ಲ. ಆದರೂ ಎರಡೂ ಕಡೆ ಕಲಿತ ಪಾಠ ಒಂದೇ.

ಅಕ್ರೊಪಾಂಗಿನ ಆ ಸೆಮಿನರಿ ಶಿಕ್ಷಣ ಮಹಾವಿದ್ಯಾಲಯವಾಗಿ ಇಂದಿಗೂ ಉಪಾಧ್ಯಾಯರನ್ನು ತಯಾರುಮಾಡುತ್ತಿದೆ. ಸಿಯೆರಾ ಲಿಯೋನಿನ ಫೌರಾ ಬೇ ಕಾಲೇಜನ್ನು ಬಿಟ್ಟರೆ ಪಶ್ಚಿಮ ಆಫ್ರಿಕದಲ್ಲಿ ಅದೇ ಅತ್ಯಂತ ಹಳೆಯ ಉನ್ನತ ವಿದ್ಯಾಸಂಸ್ಥೆ. ನಮ್ಮ ಕುಟುಂಬಗಳಿಂದಲೂ ಶಿಕ್ಷಕರಾಗಿ, ದಾದಿಯರಾಗಿ, ಸ್ವಯಂಸೇವಕರಾಗಿ ದೂರದ ಊರುಗಳಿಗೆ ಮಕ್ಕಳು ಹೊರಡುತ್ತಾರೆ. ಹೊರಡುವಾಗ ಏನನ್ನು ಒಯ್ಯಬೇಕೆಂದು ನಾವು ಪಟ್ಟಿಮಾಡಿ ಪೆಟ್ಟಿಗೆ ತುಂಬಿಸುತ್ತೇವೆ. ಆ ಇಪ್ಪತ್ತನಾಲ್ವರ ಬದುಕನ್ನು ನೆನೆದರೆ ಆ ಪಟ್ಟಿಗೆ ಇನ್ನೆರಡು ಸಂಗತಿಗಳು ಸೇರಬೇಕೆನಿಸುತ್ತದೆ: ಹೋದಲ್ಲಿ ಶಿಷ್ಯನಾಗಿ ಕೂರುವ ನಮ್ರತೆ, ಮತ್ತು ಸಮಯ ಬಂದಾಗ ಕುರ್ಚಿ ಬಿಟ್ಟುಕೊಡುವ ಸಿದ್ಧತೆ. ನೆಟ್ಟವರು ಹೋದ ಮೇಲೂ ಅಕ್ರೊಪಾಂಗಿನ ನೆಲದಲ್ಲಿ ಮಾವು ಪ್ರತಿ ವರ್ಷ ಫಲ ಬಿಡುತ್ತದೆ. ಅದನ್ನು ನೆಟ್ಟ ಕೈ ಯಾವುದೆಂದು ಹಣ್ಣು ತಿನ್ನುವ ಮಗುವಿಗೆ ತಿಳಿದಿರುವುದಿಲ್ಲ. ನೆಟ್ಟವರು ಅದನ್ನು ಬಯಸಿಯೂ ಇರಲಿಲ್ಲ.